ಬ್ಯಾಳಿ ಅದರಿ, ತಾಯಂದಿರೇ ಇಲ್ಲ

ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಲಸಿಕೆ ರಿವ್ಯೂ ಮೀಟಿಂಗ್‌ಗೆ ನಾಲ್ಕು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಮೂರನೆಯದರಲ್ಲಿ ಎರಡೇ ಅಂಕಿ, ದೊಡ್ಡದಾಗಿ: 6 ಮತ್ತು 39.

ಅಂಕಿ ರಾಜಸ್ಥಾನದ ಉದಯಪುರದ್ದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು 134 ಹಳ್ಳಿಗಳಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಮಗುವಿಗೆ ಲಸಿಕೆ ಹಾಕಿಸಿದರೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲ ಡೋಸ್ ಮುಗಿದರೆ ಊಟದ ತಟ್ಟೆಗಳು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 6. ಬೇಳೆ ಕೊಟ್ಟ ಕಡೆ ಶೇ 39.

ತೊಗರಿ ನಾಡಿನಲ್ಲಿ ಇದಕ್ಕಿಂತ ಸುಲಭದ ಯೋಜನೆ ಯಾವುದಿದೆ ಅಂದುಕೊಂಡಿದ್ದೆ. ಸಾಹೇಬರಿಗೂ ಇಷ್ಟವಾಯಿತು. "ಖರ್ಚು ಎಷ್ಟಾಗುತ್ತೆ?" ಎಂದು ಕೇಳಿದರು. ಲೆಕ್ಕ ಸಿದ್ಧವಿತ್ತು, ಹೇಳಿದೆ.

ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಸಿಸ್ಟರ್ ಎದ್ದು ನಿಂತರು. ಅವರನ್ನು ಕರೆಸಿದ್ದು ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್‌ಗೆ ಬಾರದೆ ಉಳಿಯುವವರು, ಅಂದರೆ ಡ್ರಾಪ್ ಔಟ್, ಯಾಕೆ ಜಾಸ್ತಿ ಎಂದು ಕೇಳಲು.

"ಸರ್, ಬ್ಯಾಳಿ ಮನ್ಯಾಗ ಅದರಿ. ಡ್ಯೂ ಲಿಸ್ಟ್‌ನ್ಯಾಗ ಉಳದ ಕೂಸುಗಳ ತಾಯಂದಿರೇ ಊರಾಗ ಇಲ್ರಿ."

ಡ್ಯೂ ಲಿಸ್ಟ್ ಅಂದರೆ ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿ. ಅಲ್ಲಿ ನಾನು ಸುಮ್ನೆ ಇದ್ದು ಕೇಳಿಸಿಕೊಳ್ಳಬೇಕಿತ್ತು. ಬದಲಿಗೆ, "ಸಿಸ್ಟರ್, ಇದು ಆರ್‌ಸಿಟಿ ಮಾಡಿ ಸಾಬೀತಾದದ್ದು" ಅಂದುಬಿಟ್ಟೆ. ಆರ್‌ಸಿಟಿ ಅಂದರೆ ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿ ನೋಡುವ ಪ್ರಯೋಗ. ಎಲ್ಲರೂ ಅವರ ಕಡೆ ತಿರುಗಿ ನೋಡಿದರು. ಅವರು ಡೈರಿ ಮುಚ್ಚಿ ಕೂತರು. ಮೀಟಿಂಗ್ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ. ಇಪ್ಪತ್ತು ವರ್ಷ ಊರೂರು ತಿರುಗಿದವರ ಬಾಯಿಯನ್ನು ನಾನು ಒಂದು ಪದದಿಂದ ಮುಚ್ಚಿಸಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅವತ್ತು ರಾತ್ರಿ ಅಧ್ಯಯನವನ್ನು ಮತ್ತೆ ತೆಗೆದೆ. ಈ ಸಲ ಸಾರಾಂಶ ಬಿಟ್ಟು ಪೂರ್ತಿ ಓದಿದೆ. ಅಲ್ಲಿದ್ದದ್ದು ಎರಡು ಗುಂಪಲ್ಲ, ಮೂರು. ಮಧ್ಯದ ಗುಂಪಿಗೆ ಬೇಳೆ ಇರಲಿಲ್ಲ. ತಿಂಗಳಿಗೊಮ್ಮೆ, ಹೇಳಿದ ದಿನಕ್ಕೆ ತಪ್ಪದೆ ನಡೆಯುವ ಲಸಿಕೆ ಶಿಬಿರ ಮಾತ್ರ. ಅಷ್ಟರಿಂದಲೇ 6 ಇದ್ದದ್ದು 18 ಆಗಿತ್ತು. ಯಾಕೆಂದರೆ ಆ ಭಾಗದಲ್ಲಿ ಯಾವ ದಿನ ಹೋಗಿ ನೋಡಿದರೂ ಲಸಿಕೆ ಹಾಕುವ ಸಿಬ್ಬಂದಿಯಲ್ಲಿ ಶೇ 45ರಷ್ಟು ಜನ ಉಪಕೇಂದ್ರದಲ್ಲಿ ಇರುತ್ತಿರಲಿಲ್ಲ. 18ರಿಂದ 39ಕ್ಕೆ ಏರಿಸಿದ್ದು ಬೇಳೆ. ನನ್ನ ಸ್ಲೈಡ್‌ನಲ್ಲಿ ಮಧ್ಯದ ಅಂಕಿಯೇ ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಸುಮಾರು ಶೇ 84. ನಮ್ಮ ಜಿಲ್ಲೆ ಹಿಂದೆ ಇರಬಹುದು, ಆದರೆ 6ರ ಆಸುಪಾಸಿನಲ್ಲಂತೂ ಇಲ್ಲ. 39 ದಾಟಿ ಎಷ್ಟೋ ದೂರ ಬಂದಿದ್ದೇವೆ. ಉದಯಪುರದಲ್ಲಿ ಬೇಳೆ ಕೊಟ್ಟ ಮೇಲೂ ಒಂದು ಮಗುವಿಗೆ ತಗುಲುವ ಖರ್ಚು ಇಳಿದಿತ್ತು. ಬರೀ ಶಿಬಿರಕ್ಕೆ 56 ಡಾಲರ್, ಬೇಳೆ ಸೇರಿಸಿದರೆ 28. ಹೇಗೂ ಬಂದು ಕೂರುವ ನರ್ಸ್‌ನ ಸಂಬಳ ಹೆಚ್ಚು ಮಕ್ಕಳಿಗೆ ಹಂಚಿಹೋಗಿತ್ತು. ನಮ್ಮಲ್ಲಿ ಬೇಳೆಯ ಬಹುಪಾಲು ಹೋಗುವುದು ಹೇಗೂ ಲಸಿಕೆ ಹಾಕಿಸುವ ಮನೆಗಳಿಗೇ. ಆ ಉಳಿತಾಯ ಇಲ್ಲಿ ಸಿಗುವುದಿಲ್ಲ.

ಅಧ್ಯಯನ ತಪ್ಪಲ್ಲ. ಅದನ್ನು ನಾನು ಈಗಲೂ ಗೌರವಿಸುತ್ತೇನೆ. ಊರಲ್ಲೇ ಇದ್ದು, ನಾಳೆ ಹಾಕಿಸಿದರಾಯಿತು ಎಂದು ಮುಂದೂಡುವ ತಾಯಿಯನ್ನು ಒಂದು ಕೆಜಿ ಬೇಳೆ ಹೊರಡಿಸುತ್ತದೆ. ಆದರೆ ನಮ್ಮ ಲಿಸ್ಟ್‌ನಲ್ಲಿ ಉಳಿದ ತಾಯಂದಿರು ತೊಗರಿ ರಾಶಿ ಮುಗಿಸಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರು. ಪುಣೆಯ ಶೆಡ್ಡಿನಲ್ಲಿರುವ ಕೂಸಿಗೆ ಸುರಪುರದಲ್ಲಿ ಹಂಚುವ ಬೇಳೆಯಿಂದ ಏನು ಪ್ರಯೋಜನ? ಅಲ್ಲಿ ಏನು ಕೊರತೆಯಿತ್ತು, ಇಲ್ಲಿ ಏನು ಕೊರತೆಯಿದೆ ಎಂದು ಕೇಳಿಕೊಳ್ಳದೆ ನಾನು ಸೀದಾ ಫಲಿತಾಂಶಕ್ಕೆ ಹಾರಿದ್ದೆ.

ಮುಂದಿನ ವಾರ ಸಿಸ್ಟರ್ ಅವರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ್" ಎಂದು ಡೈರಿ ಕೈಗೆ ಕೊಟ್ಟರು. ಬಾಕಿ ಉಳಿದ ಒಂದೊಂದು ಹೆಸರಿನ ಮುಂದೆಯೂ ಹೋದ ಊರು, ಗಂಡನ ಫೋನ್ ನಂಬರ್, ಯಾವ ಹಬ್ಬಕ್ಕೆ ಬರುತ್ತಾರೆ ಎಂಬುದು ಇತ್ತು. ನಮ್ಮ ಎಕ್ಸೆಲ್ ಶೀಟ್‌ನಲ್ಲಿ ಇವರೆಲ್ಲರೂ ಬರೀ ಡ್ರಾಪ್ ಔಟ್. ಲಸಿಕೆ ಬೇಡ ಅಂದವರಿಗೂ ಅದೇ ಕಾಲಂ, ದುಡಿಯಲು ಹೋದವರಿಗೂ ಅದೇ ಕಾಲಂ. ಇದನ್ನು ಬದಲಿಸಿ ಎಂದು ಎಷ್ಟು ಸಲ ಬರೆದರೂ ಆ ಫಾರ್ಮ್ಯಾಟ್ ಮೇಲಿಂದ ಹಾಗೆಯೇ ಬರುತ್ತದೆ.

ಬೇಳೆ ಪ್ರಸ್ತಾವನೆ ವಾಪಸ್ ತೆಗೆದುಕೊಂಡೆ. ಈಗ ಯುಗಾದಿಗೆ, ಮುಂಗಾರಿಗೆ ಜನ ವಾಪಸ್ ಬರುವ ವಾರಗಳಲ್ಲಿ ತಾಂಡಾಗಳಲ್ಲಿ ಹೆಚ್ಚುವರಿ ಸೆಷನ್ ಇಟ್ಟಿದ್ದೇವೆ. ಗುಳೆ ಹೊರಡುವ ಮುಂಚೆ ತಾಯಿ ಕಾರ್ಡ್ ಜೊತೆಗಿದೆಯೇ ಎಂದು ಆಶಾಗಳು ನೋಡುತ್ತಾರೆ. ಹೋದ ಊರಲ್ಲೇ ಹಾಕಿಸಿ ಎಂದು ಸಿಸ್ಟರ್‌ಗಳು ಫೋನ್ ಮಾಡಿ ಹೇಳುತ್ತಾರೆ. ಆ ಫೋನ್ ಖರ್ಚಿಗೆ ನಾನು ಕೇಳಿದ ಹಣ ಇನ್ನೂ ಮಂಜೂರಾಗಿಲ್ಲ. ಅವರು ಸ್ವಂತ ರೀಚಾರ್ಜ್‌ನಲ್ಲೇ ಪುಣೆಗೆ ಕರೆ ಮಾಡುತ್ತಿದ್ದಾರೆ. ಇದು ಸರಿಯಲ್ಲ ಎಂದು ಪ್ರತಿ ಮೀಟಿಂಗ್‌ನಲ್ಲೂ ಎದ್ದು ನಿಂತು ಹೇಳುತ್ತಿದ್ದೇನೆ.