ತ್ರಿಯೆಸ್ತೆಯಲ್ಲಿ ಒಂದು ಇಂಗ್ಲಿಷ್ ಪಾಠ

ವೆನಿಸ್‌ನಿಂದ ಹೊರಟ ರೈಲು ಬಯಲು ದಾಟಿ ತ್ರಿಯೆಸ್ತೆಯನ್ನು ಸಮೀಪಿಸುವಾಗ ಬಲಗಡೆ ಏಕಾಏಕಿ ಆಡ್ರಿಯಾಟಿಕ್ ಸಮುದ್ರ ಕಾಣಿಸಿತು. ಇಟಲಿಯ ಈ ಮೂಲೆಗೆ ನಾನು ಬಂದದ್ದು ಕಡಲಿಗಾಗಿ ಅಲ್ಲ. 1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆಗ ತನ್ನ ಆಳ್ವಿಕೆಯಲ್ಲಿದ್ದ ತ್ರಿಯೆಸ್ತೆಯನ್ನು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಇಟಾಲಿಯನ್ನರು, ನೆರೆಯ ಸ್ಲೊವೇನಿಯಾದ ಮಾತಾಡುವ ಸ್ಲೊವೀನರು ಇದ್ದ ಊರಿಗೆ ಜರ್ಮನ್ನರು, ಗ್ರೀಕರು, ಸರ್ಬರು, ಯಹೂದಿಗಳು ಬಂದು ಸೇರಿದರು. ಇಷ್ಟು ಭಾಷೆ ಓಡಾಡಿದ ಬೀದಿಗಳಲ್ಲಿ ಎಂಥ ಕಾದಂಬರಿ ಹುಟ್ಟಿತೆಂದು ನೋಡುವ ಆಸೆ ನನ್ನದು.

ಕಾಲುವೆಯ ದಂಡೆಯಲ್ಲಿ ಸರ್ಬಿಯನ್ ಚರ್ಚು, ಕಡಲಿಗೆ ಮುಖ ಮಾಡಿ ಗ್ರೀಕ್ ಚರ್ಚು. ಸೇತುವೆಯ ಮೇಲೆ ಕಾದಂಬರಿಕಾರ ಜೇಮ್ಸ್ ಜಾಯ್ಸ್‌ನ ಕಂಚಿನ ಪ್ರತಿಮೆ. ಐರ್ಲೆಂಡಿನ ಈ ತರುಣ ಇಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದ. ಅವನ ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದರು. ಮನೆಮಾತು ತ್ರಿಯೆಸ್ತೆಯ ಆಡುಮಾತಾಯಿತು. ಮುಂದೆ ಪ್ಯಾರಿಸ್‌ಗೆ ಹೋದಮೇಲೂ ಆ ಮನೆಯಲ್ಲಿ ಅದೇ ಮಾತು.

1907ರಲ್ಲಿ ಅವನ ಬಳಿ ಪಾಠಕ್ಕೆ ಸೇರಿದವನು ಎತ್ತೋರೆ ಶ್ಮಿಟ್ಸ್. ಹಡಗಿನ ತಳಕ್ಕೆ ಬಳಿಯುವ ಬಣ್ಣದ ವ್ಯಾಪಾರಿ. ಇಂಗ್ಲೆಂಡಿನ ವ್ಯವಹಾರಕ್ಕೆ ಇಂಗ್ಲಿಷ್ ಬೇಕಿತ್ತು. ಓದಿದ್ದು ಜರ್ಮನ್‌ನಲ್ಲಿ, ಆಡುತ್ತಿದ್ದದ್ದು ಊರಿನ ಮಾತು, ಬರೆದದ್ದು ಇಟಾಲಿಯನ್‌ನಲ್ಲಿ. ಇಟಾಲೊ ಸ್ವೇವೊ ಎಂಬ ಹೆಸರಲ್ಲಿ ಎರಡು ಕಾದಂಬರಿ ಪ್ರಕಟಿಸಿ, ಯಾರೂ ಗಮನಿಸದೆ ಹೋದಾಗ ಸೋತು ಕೂತಿದ್ದ. ಮೇಷ್ಟ್ರು ಅವನ್ನು ಓದಿ ಮೆಚ್ಚಿದರು. ಮತ್ತೊಂದು ಕಾದಂಬರಿ ಬರಲು 1923ರ ತನಕ ಕಾಯಬೇಕಾಯಿತು. ಅದರ ನಾಯಕ ಜೀನೊ ತನ್ನ ವೈದ್ಯರಿಗಾಗಿ ಬದುಕಿನ ಕಥೆ ಬರೆಯುತ್ತಾನೆ. ಕೊನೆಗೆ ಹೇಳುತ್ತಾನೆ: ನಾವು ಆಡುವುದು ಒಂದು ಮಾತು, ಬರೆಯುವುದು ಇನ್ನೊಂದು, ಬರೆದ ಇಟಾಲಿಯನ್‌ನಲ್ಲೆಲ್ಲ ಸುಳ್ಳು ಸೇರುತ್ತದೆ, ಪದ ಕೈಗೆ ಸಿಕ್ಕ ಸಂಗತಿಯನ್ನಷ್ಟೇ ಹೇಳಿ ನಿಘಂಟು ಬೇಕಾದದ್ದನ್ನು ಬಿಟ್ಟುಬಿಡುತ್ತೇವೆ! ಒಂದೇ ಭಾಷೆಯಲ್ಲಿ ಬೆಳೆದವನಿಗೆ ಈ ಅನುಮಾನ ಹೊಳೆಯುವುದು ಕಷ್ಟ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಹಲವು ಭಾಷೆ ಬಲ್ಲ ಕಾದಂಬರಿಕಾರನಿಗೆ ಸಿಗುವುದು ಹೆಚ್ಚಿನ ಪದಗಳಷ್ಟೇ ಅಲ್ಲ. ತನ್ನ ಪಾತ್ರ ಯಾವ ಮಾತಿನಲ್ಲಿ ಏನನ್ನು ಮುಚ್ಚಿಡುತ್ತದೆ ಎಂಬ ಅರಿವೂ ಸಿಗುತ್ತದೆ.

ಮರುದಿನ ಸ್ಲೊವೀನರ ಸಾಂಸ್ಕೃತಿಕ ಭವನ ‘ನಾರೊದ್ನಿ ದೊಮ್’ಗೆ ಹೋದೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. 1920ರ ಜುಲೈ 13ರಂದು ಫ್ಯಾಸಿಸ್ಟರು ಅದಕ್ಕೆ ಬೆಂಕಿ ಹಚ್ಚಿದರು. ಆಮೇಲೆ ಶಾಲೆಗಳಿಂದ ಸ್ಲೊವೀನ್ ಹೊರಬಿತ್ತು, ಜನರ ಮನೆತನದ ಹೆಸರುಗಳನ್ನೂ ಇಟಾಲಿಯನ್‌ಗೆ ತಿರುಗಿಸಿದರು. ನೆರೆಯವರ ಭಾಷೆ ಕಲಿಯದವರಿಗೆ ಅದನ್ನು ಸುಡುವುದು ಎಷ್ಟು ಸಲೀಸು! ಅದೇ ಕಟ್ಟಡಕ್ಕೆ ಮುಂದೆ ವಿಶ್ವವಿದ್ಯಾಲಯದ ದುಭಾಷಿಗಳ, ಅನುವಾದಕರ ಶಾಲೆ ಬಂದದ್ದು ನನಗೆ ಅಪಾರ ಸಂತೋಷ ಕೊಟ್ಟಿತು.

ಬೆಂಕಿಯನ್ನು ಕಣ್ಣಾರೆ ಕಂಡ ಬಾಲಕ ಬೋರಿಸ್ ಪಾಹೊರ್ ಬೆಳೆದು, ಇಟಲಿಯಲ್ಲಿದ್ದೂ ಸ್ಲೊವೀನ್‌ನಲ್ಲೇ ಬರೆದ ದೊಡ್ಡ ಲೇಖಕನಾದ. ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷಕ್ಕೆ, 2020ರಲ್ಲಿ, ಭವನವನ್ನು ಸ್ಲೊವೀನರಿಗೆ ಮರಳಿಸುವ ಒಪ್ಪಂದವಾಯಿತು. ಅಂದು ಇಟಲಿ, ಸ್ಲೊವೇನಿಯಾ ಎರಡೂ ದೇಶಗಳ ರಾಷ್ಟ್ರಾಧ್ಯಕ್ಷರು ಪಾಹೊರ್‌ರನ್ನು ಗೌರವಿಸಿದರು. ಅವರಿಗಾಗ 106 ವರ್ಷ.