ಗರಿಷ್ಠ 27 ಡಿಗ್ರಿ ಸರಿ, ಎಷ್ಟು ಗಂಟೆಗೆ?

ನವೆಂಬರ್‌ನಲ್ಲಿ ನಾನಿರುವ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಹವಾಮಾನ ಮುನ್ಸೂಚನೆ ತೆಗೆದರೆ ನಾನು ಗರಿಷ್ಠ ಉಷ್ಣಾಂಶವನ್ನು ನೋಡುವುದು ಕೊನೆಗೆ. ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡುತ್ತೇನೆ. ಆಮೇಲೆ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ದೂರದ ಒಕ್ಲಹೋಮ ಸಿಟಿಯಲ್ಲಿ ಈಗ ಎಷ್ಟಿದೆ ಅಂತ.

ಕಳೆದ ವರ್ಷ ರಾಜ್ಯೋತ್ಸವಕ್ಕೆ ನಾವೊಂದಿಷ್ಟು ಮನೆಯವರು ಸೇರಿ ಪಾರ್ಕಿನಲ್ಲಿ ಊಟ ಇಟ್ಟುಕೊಂಡಿದ್ದೆವು. ತುಮಕೂರಿನಿಂದ ಅಮ್ಮನೂ ಬಂದಿದ್ದರು. ವಾರದ ಶುರುವಿನಲ್ಲಿ ಚಳಿ ಭಾನುವಾರ ಬರುತ್ತದೆ ಅಂತಿತ್ತು. ಬುಧವಾರ ನೋಡಿದರೆ ಶನಿವಾರ ರಾತ್ರಿ. ಶುಕ್ರವಾರದ ಹೊತ್ತಿಗೆ ಶನಿವಾರ ಮಧ್ಯಾಹ್ನ! ಆದರೆ ಶನಿವಾರದ ಗರಿಷ್ಠ ಮಾತ್ರ 27 ಡಿಗ್ರಿಯಿಂದ ಅಲ್ಲಾಡಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಅದೊಂದನ್ನೇ ನೋಡಿ ಖುಷಿಯಾಗಿದ್ದರು. ಗಂಟೆ ಗಂಟೆಯ ಪಟ್ಟಿ ನೋಡಿ, ಸ್ವೆಟರ್ ತನ್ನಿ ಅಂತ ನಾನು ಹಾಕಿದ ಮೆಸೇಜಿಗೆ ಬಂದದ್ದು ನಗುವ ಇಮೋಜಿ.

ದಿನ ಹೀಗೆ ಜಾರಾಡುವುದಕ್ಕೆ ಕಾರಣ ಇದೆ. ಚಳಿಯನ್ನು ಎಳೆದು ತರುವ ಬಿರುಗಾಳಿ ವಾರದ ಮೊದಲಲ್ಲಿ ಇನ್ನೂ ಶಾಂತ ಸಾಗರದ ಮೇಲಿತ್ತು. ಸಮುದ್ರದ ಮೇಲೆ ಹವೆ ಅಳೆಯುವ ಬಲೂನುಗಳು ತೀರಾ ಕಡಿಮೆ, ಉಪಗ್ರಹವನ್ನೇ ಜಾಸ್ತಿ ನೆಚ್ಚಬೇಕು. ಅದು ಕರಾವಳಿ ದಾಟಿ ಸೀದಾ ಪೂರ್ವಕ್ಕೆ ಓಡುತ್ತದೋ, ಅರಿಜೋನಾ ಕಡೆ ಒಂದೆರಡು ದಿನ ಠಿಕಾಣಿ ಹೂಡುತ್ತದೋ ಅನ್ನುವುದರ ಮೇಲೆ ನಮ್ಮ ಲೆಕ್ಕ. ಇದರ ಜೊತೆಗೆ ಕೆನಡಾದ ತಣ್ಣನೆ ಗಾಳಿ ಭಾರ, ನೆಲಕ್ಕೆ ಅಂಟಿಕೊಂಡೇ ಬರುತ್ತದೆ. ಪಶ್ಚಿಮಕ್ಕೆ ರಾಕಿ ಬೆಟ್ಟಸಾಲು, ಅದರ ಪಕ್ಕದ ಬಯಲಿನಲ್ಲಿ ಟೆಕ್ಸಾಸ್ ತನಕ ಅಡ್ಡ ಏನೂ ಇಲ್ಲ. ಆ ತೆಳು ಪದರ ಎಷ್ಟು ಬೇಗ ನುಗ್ಗುತ್ತದೆ ಅನ್ನುವುದನ್ನು ಕಂಪ್ಯೂಟರ್ ಮಾದರಿಗಳು ಆಗಾಗ ಕಡಿಮೆ ಅಂದಾಜು ಮಾಡುತ್ತವೆ. ಮೂರು ಗಂಟೆ ಹಿಂದೆ ಮುಂದೆ ಆದರೂ ಸಾಕು, ಮಧ್ಯಾಹ್ನದ ಅಂಕಿ ಹತ್ತು ಡಿಗ್ರಿ ತಪ್ಪುತ್ತದೆ.

ಶನಿವಾರ ಬೆಳಿಗ್ಗೆ ದಕ್ಷಿಣದ ಗಾಳಿ, ಮೆಕ್ಸಿಕೋ ಕೊಲ್ಲಿಯ ಸೆಕೆ. ಅಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡು, "ಆ ಸ್ವೆಟರ್ ಕಾರಲ್ಲೇ ಇರ್ಲಿ ಬಿಡೋ" ಅಂದರು. ಚಳಿ ನುಗ್ಗುವ ಸ್ವಲ್ಪ ಮುಂಚೆಯೇ ಹೀಗೆ ಜಾಸ್ತಿ ಬಿಸಿ. ಹನ್ನೊಂದಕ್ಕೆ ಫೋನ್ ತೆಗೆದರೆ ಒಕ್ಲಹೋಮ ಸಿಟಿ ಆಗಲೇ 9 ಡಿಗ್ರಿ. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಗಾಳಿ ನಿಂತೇಹೋಯಿತು, ಉತ್ತರದ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಂಡಿತು, ಅಷ್ಟರಲ್ಲೇ ಪೇಪರ್ ತಟ್ಟೆಗಳೆಲ್ಲ ಹಾರಿಹೋದವು. ಅರ್ಧ ಗಂಟೆಯಲ್ಲಿ 16 ಡಿಗ್ರಿಗೆ ಇಳಿಯಿತು.

ಇಲ್ಲಿನವರು ಇದಕ್ಕೆ ಬ್ಲೂ ನಾರ್ದರ್ ಅನ್ನುತ್ತಾರೆ. 1911ರ ನವೆಂಬರ್ 11ರಂದು ಒಕ್ಲಹೋಮ ಸಿಟಿಯಲ್ಲಿ ಒಂದೇ ದಿನ 28 ಡಿಗ್ರಿಯೂ ಆಗಿತ್ತು, ಸೊನ್ನೆಗಿಂತ 8 ಡಿಗ್ರಿ ಕೆಳಗೂ ಹೋಗಿತ್ತು. ಆ ದಿನಾಂಕಕ್ಕೆ ಎರಡೂ ದಾಖಲೆಗಳೇ! ಅದರ ಮುಂದೆ ನಮ್ಮದೇನು ಮಹಾ.

"ಸುಳ್ಳು ಮುನ್ಸೂಚನೆ" ಅಂತ ಒಬ್ಬರು ಗೊಣಗಿದರು. ಸುಳ್ಳೇನಲ್ಲ, ಹನ್ನೆರಡೂವರೆಗೆ 27 ಮುಟ್ಟಿತ್ತಲ್ಲ. ಇಡೀ ದಿನಕ್ಕೆ ಒಂದೇ ಅಂಕಿ ತೋರಿಸುವ ಆ್ಯಪ್‌ಗಳ ಮೇಲೆ ನನಗೆ ಸಿಟ್ಟಿರುವುದೇ ಇದಕ್ಕೆ. ಇಂಥ ಚಳಿ ಮುಂಜಾವಕ್ಕೆ ಬಂದರೆ ದಿನದ ಗರಿಷ್ಠ ದಾಖಲಾಗುವುದು ನಡುರಾತ್ರಿ ಹನ್ನೆರಡು ದಾಟಿದ ಕೂಡಲೇ, ಎಲ್ಲರೂ ಮಲಗಿರುವಾಗ.

ಕಾರಿನಲ್ಲಿ ಹೀಟರ್ ಹಾಕಿದ ಮೇಲೆ ಅಮ್ಮ ಕೇಳಿದರು, "ನಮ್ಮಲ್ಲೂ ಸೈಕ್ಲೋನ್ ಬಂದ್ರೆ ಹೀಗೇ ಚಳಿ ಅಲ್ವೇನೋ?" ಪೂರ್ತಿ ಹೀಗಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮೋಡ ಬಿಸಿಲನ್ನು ತಡೆಯುತ್ತದೆ, ಹಗಲು ತಣ್ಣಗಾಗುತ್ತದೆ, ಆದರೆ ಅದೇ ಮೋಡದಿಂದ ರಾತ್ರಿ ಅಷ್ಟೇನೂ ಇಳಿಯುವುದಿಲ್ಲ. ಇಲ್ಲಿ ಗಾಳಿಯೇ ಬದಲಾಗಿಬಿಡುತ್ತದೆ.

ಮನೆಗೆ ಬಂದವರೇ ಅಮ್ಮ ಕರಿಬೇವಿನ ಕುಂಡ ಒಳಗಿಡಲು ಹೊರಟರು. ಇವತ್ತು ಬೇಡ ಅಂದೆ. ಮೊದಲ ರಾತ್ರಿ ಗಾಳಿ ಬೀಸುತ್ತಲೇ ಇರುತ್ತದೆ, ಮೇಲಿನ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ, ನೆಲ ಪೂರ್ತಿ ತಣ್ಣಗಾಗುವುದಿಲ್ಲ. ಗಾಳಿ ನಿಂತು ಆಕಾಶ ತಿಳಿಯಾಗುವ ಎರಡನೇ ರಾತ್ರಿಯೇ ಹಿಮ ಕೂರುವುದು. ಅಮ್ಮ ನಂಬಲಿಲ್ಲ, ಅವತ್ತೇ ಒಳಗಿಟ್ಟರು.