ಎಂಟು ಬೈಟಿನ ದೂರು

ಕಳೆದ ಶನಿವಾರ ಬ್ರಾಡ್‌ಬ್ಯಾಂಡ್ ಕಂಪನಿಯವರು ವಿಜಯನಗರದ ನಮ್ಮ ಮನೆಗೆ ಬಂದು, ಗೋಡೆಯ ಮೇಲಿದ್ದ ಹಳೆಯ ರೂಟರ್ ಡಬ್ಬಿಯನ್ನು ಕಳಚಿ ಹೊಸದೊಂದನ್ನು ಕೂರಿಸಿ ಹೋದರು. ಅಂದಿನಿಂದ ಇಂಟರ್‌ನೆಟ್ಟಿಗೆ ಅರ್ಧ ಜೀವ. ಅಮ್ಮನ ದೇವರನಾಮಗಳು ಯೂಟ್ಯೂಬಿನಲ್ಲಿ ಎಡೆಬಿಡದೆ ಹರಿಯುತ್ತಿದ್ದವು. ಅಪ್ಪನ ಪಿಂಚಣಿ ಜಮೆಯಾಗುವ ಬ್ಯಾಂಕಿನ ಪುಟ ಮಾತ್ರ ಖಾಲಿ ಹಾಳೆಯಂತೆ ನಿಂತುಬಿಡುತ್ತಿತ್ತು. "ಹದಿನಾರು ವರ್ಷದಿಂದ ಆಫೀಸಲ್ಲಿ ಇದೇ ನೆಟ್ ಕೆಲ್ಸ ಮಾಡ್ತಿದೀಯ, ಮನೇದು ಸರಿ ಮಾಡಕ್ಕಾಗಲ್ವೇನೋ?" ಎಂದು ಅಪ್ಪ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಭಾನುವಾರ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಮೊದಲ ಹತ್ತು ನಿಮಿಷ ವಾದ್ಯಸಂಗೀತ, ಆಮೇಲೆ ಒಬ್ಬ ಹುಡುಗಿ. ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿಸಿದಳು, ಕೆಂಪು ದೀಪ ಉರಿಯುತ್ತಿದೆಯೇ ಎಂದು ಕೇಳಿದಳು, ಕೊನೆಗೆ ಈ ವಾರವಿಡೀ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿರುವ ಆ ಮಾತನ್ನು ಆಡಿದಳು: "ಗೂಗಲ್ ಓಪನ್ ಆಗ್ತಿದೆ ಅಲ್ವಾ ಸರ್? ಹಂಗಿದ್ರೆ ನೆಟ್ ಇದೆ ಸರ್." ಫೋನ್ ಇಟ್ಟ ಐದೇ ನಿಮಿಷಕ್ಕೆ, ನನ್ನ ದೂರು ಪರಿಹಾರವಾಗಿದೆಯೆಂಬ ಸಂದೇಶ ಬಂತು.

ರಾತ್ರಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಇಂಟರ್‌ನೆಟ್ಟಿನಲ್ಲಿ ಮಾಹಿತಿ ಸಾಗುವುದು ಪ್ಯಾಕೆಟ್ಟುಗಳೆಂಬ ಪುಟ್ಟ ಪೊಟ್ಟಣಗಳಲ್ಲಿ. ತುಂಡು ಮಾಡಕೂಡದು ಎಂಬ ಷರತ್ತಿನೊಂದಿಗೆ 1472 ಬೈಟಿನ ಪಿಂಗ್, ಅಂದರೆ ತಲುಪಿದರೆ ಉತ್ತರ ಬರುವ ಪರೀಕ್ಷಾ ಪ್ಯಾಕೆಟ್ಟು, ಕಳಿಸಿದರೆ ಉತ್ತರವಿಲ್ಲ. 1464ಕ್ಕೆ ಇಳಿಸಿದ ಕೂಡಲೇ ಸರಸರನೆ ಉತ್ತರ. ವಿಳಾಸ ಮುಂತಾದವನ್ನು ಹೊರುವ ಶಿರೋಭಾಗದ 28 ಬೈಟ್ ಸೇರಿಸಿದರೆ ಒಂದು ಪ್ಯಾಕೆಟ್ಟಿನ ಸಾಮಾನ್ಯ ಗರಿಷ್ಠ ಗಾತ್ರವಾದ 1500, ಇನ್ನೊಂದು 1492. ನಡುವಿನ ಎಂಟು ಬೈಟನ್ನು ನಮ್ಮ ಸಂಪರ್ಕ ಬಳಸುವ ಪಿಪಿಪಿಒಇ ಎಂಬ ವಿಧಾನ ತನ್ನ ಪಾಲಿಗೆ ಇಟ್ಟುಕೊಳ್ಳುತ್ತದೆ. ಹಳೆಯ ಡಬ್ಬಿ ಆ ಲೆಕ್ಕ ನೋಡಿಕೊಂಡು, ಇಷ್ಟೇ ಗಾತ್ರದಲ್ಲಿ ಕಳಿಸಿ ಎಂದು ಆಚೆಯವರಿಗೆ ತಿಳಿಸುತ್ತಿತ್ತು. ಹೊಸದರಲ್ಲಿ ಆ ಸೆಟ್ಟಿಂಗ್ ಹಾಕಿರಲಿಲ್ಲ. ಹಾಗಾಗಿ ಬ್ಯಾಂಕಿನ ಸರ್ವರ್ ತನ್ನ ಭದ್ರತಾ ಪ್ರಮಾಣಪತ್ರವನ್ನು 1500 ಬೈಟಿನ ತುಂಬು ಪ್ಯಾಕೆಟ್ಟುಗಳಲ್ಲಿ ಕಳಿಸುತ್ತಿತ್ತು, ಅವು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು, ಬಿದ್ದುಹೋದವೆಂದು ತಿಳಿಸುವ ಐಸಿಎಂಪಿ ಸಂದೇಶವೂ ಸರ್ವರಿಗೆ ಮುಟ್ಟುತ್ತಿರಲಿಲ್ಲ. ಬಹುಶಃ ಅಲ್ಲಿ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ಇಟ್ಟ ಯಾರೋ ಅತಿಜಾಗರೂಕರು ಅದನ್ನೂ ತಡೆದಿರಬೇಕು. ಗೂಗಲ್ ಮತ್ತು ಯೂಟ್ಯೂಬ್ ಬಳಸುವ ಕ್ವಿಕ್ ಎಂಬ ವಿಧಾನವಾದರೋ ಪ್ಯಾಕೆಟ್ಟುಗಳನ್ನು ಮೊದಲೇ ಚಿಕ್ಕದಾಗಿ ಕಟ್ಟಿ ಕಳಿಸುತ್ತದೆ. ಅಂದರೆ ಆ ಹುಡುಗಿ ನನ್ನ ಸಂಪರ್ಕ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಹಿಡಿದದ್ದು, ಈ ದೋಷ ತಟ್ಟದೇ ಇರುವ ತಾಣಗಳಲ್ಲಿ ಒಂದನ್ನು!

ನನ್ನ ಲ್ಯಾಪ್‌ಟಾಪಿಗೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1492 ಎಂದು ಬರೆದುಕೊಂಡೆ, ಬ್ಯಾಂಕಿನ ಪುಟ ತೆರೆಯಿತು. ಅಪ್ಪನ ಮೊಬೈಲಿನಲ್ಲಿ ಹಾಗೆ ಬರೆಯಲು ಜಾಗವಿಲ್ಲ, ಡಬ್ಬಿಯ ಪಾಸ್‌ವರ್ಡ್ ಕಂಪನಿಯ ಹತ್ತಿರ. ಸೋಮವಾರ ಮತ್ತೆ ಫೋನು, ಮತ್ತೆ "ಗೂಗಲ್ ಓಪನ್ ಆಗ್ತಿದೆ ಅಲ್ವಾ ಸರ್?" ಈ ಬಾರಿ ಗಂಡು ದನಿ. ಮಂಗಳವಾರವೂ ಅದೇ. ಮೂರನೆಯ ದೂರನ್ನೂ ಮುಚ್ಚಿದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ಏನೆಂದು ದೂರುವುದು, ಎಂಟು ಬೈಟ್ ಕಾಣೆಯಾಗಿದೆ ಎಂದೇ?

ಬುಧವಾರ ಹೇಗೋ ಒಬ್ಬ ಟೆಕ್ನೀಷಿಯನ್ ಬಂದ. ರಾಯಚೂರು ಕಡೆಯ ಹುಡುಗ, ಮಳೆಯಲ್ಲಿ ನೆನೆದಿದ್ದ, ಹೆಗಲ ಮೇಲೆ ಸುರುಳಿ ಸುತ್ತಿದ ಕಪ್ಪು ಕೇಬಲ್ಲು. ಎರಡು ಪಿಂಗ್‌ಗಳನ್ನು ತೋರಿಸಿದೆ. ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೌದ್ರಿ ಸರ್, ಇದು ಹೊಸ ಡಬ್ಬಿ ಹಾಕಿದ ಕಡೆಯೆಲ್ಲಾ ಬರಾಕತ್ತೈತಿ. ನಮ್ಗ ಪಾಸ್‌ವರ್ಡ್ ಕೊಡಂಗಿಲ್ಲರಿ" ಎಂದವನು, ಕಂಟ್ರೋಲ್ ರೂಮಿನಲ್ಲಿದ್ದ ತನ್ನ ಗೆಳೆಯನಿಗೆ ವಾಟ್ಸ್ಯಾಪಿನಲ್ಲಿ ನಾಲ್ಕು ಪದ ಬರೆದ. ಅಮ್ಮ ಕೊಟ್ಟ ಕಾಫಿ ಮುಗಿಯುವುದರೊಳಗೆ ಅಪ್ಪನ ಮೊಬೈಲಿನಲ್ಲಿ ಬ್ಯಾಂಕಿನ ಪುಟ ತೆರೆದಿತ್ತು.

ಅವನಿಗೆ ಗೊತ್ತಿತ್ತು, ಅವನ ಗೆಳೆಯನಿಗೂ ಗೊತ್ತಿತ್ತು. ಗೊತ್ತಿದ್ದವರಿಗೆ ಫೋನ್ ಸಿಗದಂತೆ, ಫೋನ್ ಎತ್ತುವವರಿಗೆ ಗೊತ್ತಾಗದಂತೆ ನಡುವೆ ಗೋಡೆ ಕಟ್ಟಿದವರು ಬೇರೆಯವರು. ಆ ಹುಡುಗಿಯ ಮೇಲೆ ನನಗೀಗ ಸಿಟ್ಟಿಲ್ಲ. ಅವಳ ದುಡಿಮೆಯನ್ನು ಅಳೆಯುವುದು ದೂರು ಎಷ್ಟು ಹೊತ್ತಿನಲ್ಲಿ ಮುಚ್ಚಿತು ಎಂಬುದರಿಂದಲೇ ಹೊರತು ಬ್ಯಾಂಕಿನ ಪುಟ ತೆರೆಯಿತೇ ಎಂಬುದರಿಂದಲ್ಲ. ಅಂಥದ್ದೇ ಲೆಕ್ಕದ ನಕ್ಷೆಯನ್ನು ತಿಂಗಳಿಗೊಮ್ಮೆ ಬಣ್ಣ ತುಂಬಿ ನಮ್ಮ ಮ್ಯಾನೇಜರಿಗೆ ಒಪ್ಪಿಸುವವನು ನಾನೇ.

ಹಾಗೆ ಯೋಚಿಸುತ್ತಿರುವಾಗಲೇ ಹೋದ ತಿಂಗಳ ಒಂದು ಟಿಕೆಟ್, ಅಂದರೆ ನಮ್ಮ ಆಫೀಸಿನವರು ನನಗೆ ಕಳಿಸಿದ ದೂರು, ನೆನಪಾಯಿತು. ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡುವ ಅಕೌಂಟ್ಸ್ ವಿಭಾಗದ ಮೇಡಂ, ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್‌ನಲ್ಲಿ ಸಣ್ಣ ಫೈಲುಗಳು ಹೋಗುತ್ತವೆ, ದೊಡ್ಡವು ಸಿಕ್ಕಿಹಾಕಿಕೊಳ್ಳುತ್ತವೆ ಎಂದು ಬರೆದಿದ್ದರು. ಪ್ರಿಂಟರಿನಲ್ಲಿ ಕಾಗದ ಮುಗಿದರೂ "ನೆಟ್ ಹೋಯ್ತು" ಎನ್ನುವವರಾದ್ದರಿಂದ ಅವರ ಮಾತನ್ನು ನಾನು ಪೂರ್ತಿ ಓದಿರಲಿಲ್ಲ. "ಪಿಂಗ್ ಹೋಗ್ತಿದೆ ಮೇಡಂ, ಕನೆಕ್ಷನ್ ಸರಿ ಇದೆ" ಎಂದು ಬರೆದು ಮುಚ್ಚಿದ್ದೆ.

ಗುರುವಾರ ಬೆಳಿಗ್ಗೆ ಆ ಟಿಕೆಟ್ಟನ್ನು ಮತ್ತೆ ತೆರೆದು, ಅವರು ಮನೆಯಲ್ಲಿದ್ದಾಗಲೇ ಅವರ ಲ್ಯಾಪ್‌ಟಾಪಿಗೆ ಇಲ್ಲಿಂದ ಲಾಗಿನ್ ಆಗಿ ಪರೀಕ್ಷಿಸಿದೆ. ದೊಡ್ಡ ಪ್ಯಾಕೆಟ್ಟು ಹೋಗಲಿಲ್ಲ, ಚಿಕ್ಕದು ಹೋಯಿತು. ವಿಪಿಎನ್‌ನ ಪ್ಯಾಕೆಟ್ ಗಾತ್ರವನ್ನು ಇಳಿಸಿ, ಫೈಲ್ ಕಳಿಸಿ ನೋಡಿ ಎಂದೆ; ಹೋಯಿತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ದೊಡ್ಡ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮೆಟ್ರೋದಲ್ಲಿ ಆಫೀಸಿಗೆ ಬಂದು ಹೋಗುತ್ತಿದ್ದೆ ಎಂದರು.

"ನಾನು ಅವತ್ತೇ ಬರ್ದಿದ್ನಲ್ಲ ಸರ್" ಎಂದೂ ಅಂದರು.